ಹೆಪ್ಪಿನ ಜತೆ ಬಂದ ಕಳ್ಳ

ಕಂಪ್ಯೂಟರ್ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನ ಬಳಿ ಬಂದು, "ಅಕ್ಕಾರ, ಎದಕ್ಕ ಹೆಚ್ಚು ಹುಷಾರಿರಬೇಕ್ರಿ?" ಎಂದು ಕೇಳಿದರೆ ನಾನು ಮೊದಲು ಹೇಳುವುದು ಇಲಿಯ ಹೆಸರು. ಅವರು ನಗುತ್ತಾರೆ. ನಗಲಿ. ಅಣ್ಣಿಗೇರಿಯ ನಮ್ಮ ಕಚೇರಿಯಲ್ಲಿ ನಾನು ಕಂಡ ಮೊದಲ ಆಪತ್ತನ್ನು ತಂದದ್ದು ಯಾವ ಹ್ಯಾಕರೂ ಅಲ್ಲ, ಪಕ್ಕದ ಕಡಲೆ ಗೋದಾಮಿನ ಇಲಿ. ಯುಪಿಎಸ್ ಪೆಟ್ಟಿಗೆಯೊಳಗೆ ಅದು ಸಂಸಾರ ಹೂಡಿತ್ತು. ಯಂತ್ರ ಆಗಾಗ ತಾನಾಗಿಯೇ ಬಂದ್ ಆಗುತ್ತಿತ್ತು. ಹುಬ್ಬಳ್ಳಿಯಿಂದ ಬಂದ ರಿಪೇರಿಯವರು ಇದು ಸಾಫ್ಟ್‌ವೇರಿನ ದೋಷವೇ ಎಂದು ದಿನವಿಡೀ ಕೀಲಿಮಣೆ ಕುಟ್ಟಿದರು. ಸಂಜೆ ಬೇಸತ್ತು ಪೆಟ್ಟಿಗೆ ಬಿಚ್ಚಿದಾಗ ಅರ್ಧ ಕಡಿದ ವೈರು, ಜತೆಗೆ ಕಣ್ಣು ಬಿಡದ ಮರಿಗಳು. ಮರಿಗಳನ್ನು ಏನು ಮಾಡುವುದೆಂಬ ಚರ್ಚೆ ಯಂತ್ರದ ಚರ್ಚೆಗಿಂತ ಹೆಚ್ಚು ಹೊತ್ತು ನಡೆಯಿತು.

ನಮ್ಮದು ರೈತರೇ ಕೂಡಿ ಕಟ್ಟಿದ ಸಣ್ಣ ಸಹಕಾರಿ ಸಂಘ. ಅಲ್ಲಿ ಮಾರುವುದು ಕೊಳ್ಳುವುದು ಏನೂ ಇಲ್ಲ. ಅಣ್ಣಿಗೇರಿ, ನವಲಗುಂದ, ಕುಂದಗೋಳದ ಕಡೆಯ ಹಳ್ಳಿಗಳಲ್ಲಿ ಮಳೆ ಅಳೆಯುವ ಡಬ್ಬಿಗಳನ್ನಿಟ್ಟು, ಅಲ್ಲಿನ ಅಂಕಿಗಳನ್ನು ಹವಾಮಾನದವರ ಮುನ್ಸೂಚನೆಯ ಜತೆ ಹೊಂದಿಸಿ, ರೈತ ಹೊಲಕ್ಕೆ ಹೊರಡುವ ಮೊದಲೇ ಅವನ ಫೋನಿಗೆ ಸುದ್ದಿ ಮುಟ್ಟಿಸುವುದು ನಮ್ಮ ಕೆಲಸ. ಇಂದು ಹತ್ತಿಗೆ ಔಷಧ ಹೊಡೆಯಬಹುದೇ, ಕಿತ್ತು ಹಾಕಿದ ಹೆಸರುಕಾಳಿನ ಬೆಳೆ ನೆನೆಯುತ್ತದೆಯೇ, ಎರೆ ಹೊಲ ಕಾಲಿಡುವಷ್ಟು ಆರಿದೆಯೇ, ಇಷ್ಟೇ ಸುದ್ದಿ. ಇದೇನು ಮಹಾ ಎನ್ನುವವರು, ಮಳೆ ಬಿದ್ದ ಎರೆ ನೆಲಕ್ಕೆ ಟ್ರ್ಯಾಕ್ಟರ್ ಇಳಿಸಿ, ಅದು ಹೂತು ಕೂತವನನ್ನು ಒಮ್ಮೆ ಮಾತಾಡಿಸಿ ನೋಡಬೇಕು.

ನನ್ನ ಮೊದಲ ಮೇಲಧಿಕಾರಿ ಕುಲಕರ್ಣಿ ಮಾಸ್ತರರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿ, ಮನೆಯಲ್ಲಿ ಕೂತರೆ ಹೆಂಡತಿ ಬೈಯುತ್ತಾರೆಂದು ಸಂಘಕ್ಕೆ ಬಂದವರು. ಆ ವಯಸ್ಸಿನಲ್ಲಿ ತಾವೇ ಪುಸ್ತಕ ತರಿಸಿ ಪೈಥಾನ್ ಕಲಿತರು. ಪೈಥಾನ್ ಎಂದರೆ ಕಂಪ್ಯೂಟರಿಗೆ ಕೆಲಸ ಹೇಳಲು ಬಳಸುವ ಒಂದು ಭಾಷೆ. ಮಳೆಯ ಅಂಕಿ ಕೂಡಿಸುವ, ಸುದ್ದಿ ಕಳಿಸುವ ನಮ್ಮ ಪ್ರೋಗ್ರಾಮುಗಳನ್ನು ಅವರು ಅದರಲ್ಲೇ ಬರೆದರು, ನನಗೂ ಕಲಿಸಿ ಕೆಲವನ್ನು ಬರೆಸಿದರು. ತಪ್ಪು ಮಾಡಿದರೆ ಬೆಂಚಿನ ಮೇಲೆ ನಿಲ್ಲಿಸುವುದೊಂದು ಬಾಕಿ ಇಟ್ಟಿದ್ದರು.

ದೊಡ್ಡ ಹಳ್ಳಿಗಳಲ್ಲಿ ನಮ್ಮ ಸಣ್ಣ ಕೇಂದ್ರಗಳಿದ್ದವು, ಒಂದೊಂದಕ್ಕೆ ಒಂದು ಯಂತ್ರ, ಒಬ್ಬ ಆಪರೇಟರ್. ಇಂಥ ಕೇಂದ್ರದ ಕಂಪ್ಯೂಟರ್ ಕೆಟ್ಟರೆ ಬೇರೆ ಊರಿನ ಕಚೇರಿಗಳಲ್ಲಿ ಎಲ್ಲವನ್ನೂ ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಹೊಸದಾಗಿ ಹಾಕುತ್ತಾರೆ. ನಮ್ಮ ಹಳ್ಳಿಗಳಲ್ಲಿ ಆಗ ನೆಟ್ ಬಂದರೆ ಬಂತು, ಇಲ್ಲವಾದರೆ ಇಲ್ಲ. ಅದಕ್ಕೇ ಮಾಸ್ತರರು ಅಣ್ಣಿಗೇರಿಯ ಯಂತ್ರದಲ್ಲಿದ್ದ ಪೈಥಾನ್ ಫೋಲ್ಡರನ್ನು ನಮ್ಮ ಪ್ರೋಗ್ರಾಮುಗಳ ಸಮೇತ ಇಡಿಯಾಗಿ ಪೆನ್ ಡ್ರೈವಿಗೆ ಹಾಕಿ, ಬಸ್ಸಿನಲ್ಲೋ ರೈಲಿನಲ್ಲೋ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ಅಲ್ಲಿ ಅದನ್ನು ನಕಲು ಮಾಡಿದರೆ ಸಾಕು, ಕೇಂದ್ರ ಶುರುವಾಗುತ್ತಿತ್ತು.

"ನಮ್ಮ ಮನಿ ಮೊಸರಿನಾಗಿಂದ ಒಂದ ಚಮಚ ಒಯ್ದು ಅವರ ಹಾಲಿಗೆ ಹೆಪ್ಪು ಹಾಕೋದವಾ, ಅಷ್ಟ," ಎನ್ನುತ್ತಿದ್ದರು.

ಆ ಮಾತು ನಮ್ಮ ಕಚೇರಿಯ ಮಾತೇ ಆಯಿತು. ಗುಡಗೇರಿಯಿಂದ ಫೋನ್ ಬಂದರೆ, "ಅಕ್ಕಾರ, ಯಂತ್ರ ಹೋತ್ರಿ, ಹೆಪ್ಪು ಕಳಸ್ರಿ," ಎನ್ನುವರು. ಹೊರಗಿನವರು ಕೇಳಿದರೆ ನಾವು ಹಾಲಿನ ಡೇರಿ ನಡೆಸುತ್ತಿದ್ದೇವೆ ಅಂದುಕೊಳ್ಳಬೇಕು. ಮಾಸ್ತರರು ಹೋದ ಮೇಲೂ, ನೆಟ್ ಸುಧಾರಿಸಿದ ಮೇಲೂ ನಾವು ಹೆಪ್ಪು ಬಿಡಲಿಲ್ಲ. ಒಳ್ಳೆಯ ಮೊಸರು ಆಗುತ್ತಿರುವಾಗ ಯಾರು ಬಿಡುತ್ತಾರೆ?

ಸುದ್ದಿ ಕಳಿಸುವ ರೀತಿ ಮಾತ್ರ ಬದಲಾಗುತ್ತ ಬಂತು. ಮೊದಲು ಬರಹದ ಮೆಸೇಜು ಕಳಿಸಿದೆವು, ಓದುವವರು ಕಡಿಮೆ. ಆಮೇಲೆ ಮಾತನ್ನು ಧ್ವನಿಮುದ್ರಿಸಿ ಎಲ್ಲರ ಫೋನಿಗೂ ಒಟ್ಟಿಗೆ ಕರೆ ಹೋಗುವಂತೆ ಮಾಡಿದೆವು. ಮೊದಲ ಧ್ವನಿ ನನ್ನದೇ. ನಾಲ್ಕು ದಿನ ಕಳೆಯುವಷ್ಟರಲ್ಲಿ ನವಲಗುಂದದ ಸದಸ್ಯರೊಬ್ಬರು ಬಂದು, "ಅಕ್ಕಾರ, ಬ್ಯಾಂಕಿನವ್ರ ಫೋನು ಅಂತ ತಿಳದು ನಾವು ಕಟ್ ಮಾಡಾಕತ್ತೇವ್ರಿ," ಎಂದರು. ನನಗೆ ಕೋಪ ಬಂತು, ಆದರೆ ಧ್ವನಿಮುದ್ರಣ ಮತ್ತೆ ಕೇಳಿದಾಗ ಅವರ ಮಾತು ಸುಳ್ಳಲ್ಲ ಎನ್ನಿಸಿತು.

ನನ್ನ ಜಾಗಕ್ಕೆ ಬಂದದ್ದು ದಾದಾಪೀರನ ಧ್ವನಿ. ದಾದಾಪೀರ ನಮ್ಮ ತಿರ್ಲಾಪುರ ಕೇಂದ್ರದ ಆಪರೇಟರ್, ಎಲ್ಲರಿಗೂ ಹೋಗುವ ಕರೆ ಅಲ್ಲಿಂದ ಮುಂದೆ ಅವನ ಯಂತ್ರದಿಂದಲೇ ಹೊರಡತೊಡಗಿತು. ಅಪ್ಪ ಅಜ್ಜ ಮಗ್ಗದ ಕೆಲಸದವರು, ಇವನು ಡಿಪ್ಲೊಮಾ ಓದಿ ನಮ್ಮಲ್ಲಿಗೆ ಸೇರಿದ. ಮನೆಯಲ್ಲಿ ಉರ್ದು, ಹೊರಗೆ ನಮ್ಮೆಲ್ಲರಿಗಿಂತ ಚೆಂದದ ಕನ್ನಡ. "ನಮಸ್ಕಾರ್ರಿ, ದಾದಾಪೀರ ಮಾತಾಡಾಕತ್ತೇನಿ. ಇವತ್ತ ಮೋಡ ಕಾಣ್ತಾವ, ನಂಬಬ್ಯಾಡ್ರಿ. ಔಷಧ ಹೊಡೀರಿ," ಎಂದು ಅವನು ಹೇಳಿದರೆ ಪಕ್ಕದ ಹೊಲದವನು ಬದುವಿನ ಮೇಲೆ ನಿಂತು ಹೇಳಿದ ಹಾಗಿರುತ್ತಿತ್ತು. ಒಮ್ಮೆ ಗುಡಗೇರಿ ಸಂತೆಯಲ್ಲಿ ಬದನೆಕಾಯಿಯ ದರ ಕೇಳಿದನಂತೆ. ಮಾರುವ ಮುದುಕಿ ತಲೆ ಎತ್ತದೆಯೇ, "ಮಳಿ ದಾದಾಪೀರಪ್ಪ ಏನ?" ಎಂದಳಂತೆ. ಅದನ್ನು ಅವನು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ.

ಇಷ್ಟು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಾನು ನಿವೃತ್ತಳಾಗುವುದಕ್ಕೆ ಸ್ವಲ್ಪ ಮೊದಲು, ಮುಂಗಾರಿನ ದಿನಗಳಲ್ಲಿ, ದಾದಾಪೀರನ ಮುಂಜಾನೆಯ ಕರೆಯ ಬೆನ್ನಿಗೇ ನಮ್ಮ ಸಂಘದ ಹೆಸರಿನಲ್ಲಿ ಎಲ್ಲರಿಗೂ ಒಂದು ಬರಹದ ಮೆಸೇಜು ಹೋಯಿತು. ಬೆಳೆ ವಿಮೆಯ ನಿಮ್ಮ ಅರ್ಜಿ ಅಪೂರ್ಣವಾಗಿದೆ, ಈ ಲಿಂಕ್ ಒತ್ತಿ ಎಂದು. ನಾವು ಅಂಥದ್ದನ್ನು ಕಳಿಸಿರಲಿಲ್ಲ. ಒತ್ತಿದವರ ಫೋನಿಗೆ ಏನೋ ಒಂದು ಆ್ಯಪ್ ಇಳಿದು, ಫೋನಿನಲ್ಲಿದ್ದ ಎಲ್ಲ ಹೆಸರಿಗೂ ಅದೇ ಲಿಂಕು ಹೋಗತೊಡಗಿತು. ಒಬ್ಬರ ಫೋನಿನಿಂದ, ಆಗಷ್ಟೇ ಮಗಳನ್ನು ನೋಡಿಕೊಂಡು ಹೋಗಿದ್ದ ಬೀಗರ ಮನೆಯ ಎಲ್ಲರಿಗೂ ಹೋಯಿತು. ಮಗಳ ತಂದೆ ಬಂದು ನನ್ನ ಮೇಜಿನ ಮುಂದೆ ನಿಂತಾಗ ಯಾವ ಮುಖದಿಂದ ಮಾತಾಡಲಿ?

ದಾಖಲೆ ನೋಡಿದರೆ, ಮೆಸೇಜು ಹೋದದ್ದು ತಿರ್ಲಾಪುರದ ಯಂತ್ರದಿಂದ, ದಾದಾಪೀರನ ಲಾಗಿನ್ನಿನಲ್ಲಿ. ನಾನು ಅವನ ಪಾಸ್‌ವರ್ಡ್ ಬದಲಿಸಿದೆ. ವೈರಸ್ ಹುಡುಕುವ ಪ್ರೋಗ್ರಾಮು ಓಡಿಸಿದೆ. ಏನೂ ಇಲ್ಲ ಎಂದಿತು. ಕೆಲವು ದಿನ ತಣ್ಣಗಿತ್ತು, ಆಮೇಲೆ ಮತ್ತೆ ಹೋಯಿತು. ಈ ಸಲ ಯಂತ್ರದಲ್ಲಿದ್ದದ್ದನ್ನೆಲ್ಲ ಅಳಿಸಿ ಬೋಳು ಮಾಡಿ, ವಿಂಡೋಸ್ ಹೊಸದಾಗಿ ಹಾಕಿ, ಅಣ್ಣಿಗೇರಿಯಿಂದ ಹೆಪ್ಪು ಒಯ್ದು ಹಾಕಿದೆ. ತೊಳೆದ ಪಾತ್ರೆಯಂತಾಯಿತು ಎಂದು ಸಮಾಧಾನಪಟ್ಟೆ. ಮತ್ತೂ ಹೋಯಿತು.

ಆಗ ನಮ್ಮ ಕಾರ್ಯದರ್ಶಿಗಳು ಹಿರೇಗೌಡ ಸಾಹೇಬರು. ನೆಟ್ಟಗಿನ ಮನುಷ್ಯ, ಸಂಘದ ಚಹವನ್ನೂ ತಮ್ಮ ಖರ್ಚಿನಲ್ಲಿ ಕುಡಿಯುವವರು. ಆದರೆ ಸಿಟ್ಟು ಮೂಗಿನ ತುದಿಯಲ್ಲಿ. ದಾದಾಪೀರನನ್ನು ಅಣ್ಣಿಗೇರಿಗೆ ಕರೆಸಿದರು.

"ಪಾಸ್‌ವರ್ಡ್ ಬದ್ಲಿ ಮಾಡಿದ್ರೂ ನಿನ್ನ ಹೆಸರು. ಯಂತ್ರ ಬದ್ಲಿ ಮಾಡಿದಂಗ ಮಾಡಿದ್ರೂ ನಿನ್ನ ಹೆಸರು. ನಾ ಏನ ತಿಳೀಬೇಕು?"

"ಸಾಹೇಬ್ರ, ನಾ ಚಾ ಕುಡಿಯಾಕ ಹೋದಾಗ ಹೋಗೇತ್ರಿ ಅದು. ನನಗ ಗೊತ್ತಿಲ್ರಿ."

"ಗೊತ್ತಾಗೂತನಕಾ ಮನ್ಯಾಗ ಇರು."

ಅವನು ನನ್ನ ಕಡೆ ನೋಡಿದ. ದಾಖಲೆ ಅವನ ಹೆಸರನ್ನೇ ಹೇಳುತ್ತಿತ್ತು, ಆ ದಾಖಲೆ ಬರೆಯುವ ಪ್ರೋಗ್ರಾಮು ನನ್ನದೇ.

ತಿರ್ಲಾಪುರದಲ್ಲಿ ಸುದ್ದಿ ಹಬ್ಬಲು ಹೊತ್ತು ಬೇಕಾಗಲಿಲ್ಲ. ಜನ ಲಿಂಕು ಒತ್ತಿದ್ದು ದಾದಾಪೀರನ ಮಾತಿನ ಬೆನ್ನಿಗೆ ಬಂತು ಎಂಬ ನಂಬಿಕೆಯಿಂದಲೇ, ಹಾಗಾಗಿ ಸಿಟ್ಟೂ ಅವನ ಮೇಲೆಯೇ. ಚಹದಂಗಡಿಗೆ ಹೋದರೆ ಮಾತು ನಿಲ್ಲುತ್ತಿತ್ತಂತೆ. ಕೆಲವರು ಅವನ ಜಾತಿ ಎತ್ತಿ ಆಡಿದರು, ಅದನ್ನು ಕೇಳಿ ನನ್ನ ಮೈ ಉರಿಯಿತು. ಸಾಹೇಬರ ಬಗ್ಗೆ ನ್ಯಾಯವಾಗಿ ಹೇಳಬೇಕೆಂದರೆ ಅವರಲ್ಲಿ ಆ ಬುದ್ಧಿ ಇರಲಿಲ್ಲ. ಅವರು ನಂಬಿದ್ದು ಕಾಗದವನ್ನು. ನಾನು ನೋಡಲು ಹೋದಾಗ ದಾದಾಪೀರ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ. ಅವನ ತಾಯಿ ಒಳಗಿನಿಂದ ಚಹಾ ತಂದರು.

"ಬೇಟಿ, ಇಂವ ಮಾತಾಡೂದ ಬಿಟ್ಟಾನ ನೋಡು," ಎಂದರು. "ಊರೆಲ್ಲಾ ಇವನ ಮಾತು ಕೇಳತಿತ್ತು, ಈಗ ಮನ್ಯಾಗೂ ಮಾತಿಲ್ಲ."

ನಾನು ಚಹಾ ಮುಗಿಸದೆ ಎದ್ದೆ.

ತಿರ್ಲಾಪುರದ ಯಂತ್ರ ಬಂದ್ ಮಾಡಿ ಅದರ ಕೆಲಸವನ್ನು ಗುಡಗೇರಿ ಕೇಂದ್ರಕ್ಕೆ ಕೊಟ್ಟೆವು. ಅಲ್ಲಿನ ಆಪರೇಟರ್ ಶಿವಾನಂದ, ದಿನವೂ ವಿಭೂತಿ ಹಚ್ಚಿಕೊಂಡು ಕೀಲಿಮಣೆಗೂ ಒಂದು ಸಾರಿ ಕೈ ಮುಗಿಯುವ ಮನುಷ್ಯ. ಹೊಸ ಕೆಲಸಕ್ಕೆಂದು ಅವನ ಹೊಸ ಯಂತ್ರಕ್ಕೂ ಅಣ್ಣಿಗೇರಿಯ ಹೆಪ್ಪು ಹಾಕಿದೆವು. ಒಂದೆರಡು ವಾರ ಕಳೆಯಿತು. ಆಮೇಲೆ ಅದೇ ವಿಮೆ, ಅದೇ ಲಿಂಕು, ಈ ಸಲ ಶಿವಾನಂದನ ಲಾಗಿನ್ನಿನಲ್ಲಿ.

ಈಗಲಾದರೂ ದಾದಾಪೀರನ ಮೇಲಿನ ಸಂಶಯ ಹೋಗುತ್ತದೆ ಎಂದು ನಾನು ಸಾಹೇಬರ ಕೋಣೆಗೆ ಬಹುತೇಕ ಓಡಿದೆ. ಅವರು ತಿರುಗಿ ಬೇರೆಯದೇ ಹೇಳಿದರು.

"ಮನ್ಯಾಗ ಕುಂತು ಮಾಡಾಕತ್ತಾನ. ಎಲ್ಲಾ ಒಳಗಿಂದು ಗೊತ್ತೈತಿ ಅವಗ. ಸಿಟ್ಟಿಗೆ ಶಿವಾನಂದನ ಹೆಸರಿನ್ಯಾಗ ಬಿಟ್ಟಾನ. ಈ ವಾರದಾಗ ನಾ ಪೊಲೀಸರಿಗೆ ಬರಕೊಡಾಂವ, ಅವನ ಹೆಸರು ಹಾಕಿ."

"ಸಾಹೇಬ್ರ, ಸ್ವಲ್ಪ ತಡೀರಿ."

"ಎಷ್ಟ ತಡೀಲಿ ಗಿರಿಜಾಬಾಯಿ? ರೈತರು ಫೋನ್ ಎತ್ತೂದ ಬಿಟ್ಟಾರ. ಮಳಿ ಬರತೈತಿ ಅಂದ್ರೂ ನಂಬವಲ್ಲರು."

ಅದು ನಿಜವಾಗಿತ್ತು. ಕರೆ ಎತ್ತುವವರು ಅರ್ಧಕ್ಕಿಳಿದಿದ್ದರು. ಪೊಲೀಸರ ಕಾಗದದಲ್ಲಿ ಒಮ್ಮೆ ಹೆಸರು ಬಿದ್ದರೆ, ಆಮೇಲೆ ಅವನು ನಿರಪರಾಧಿ ಎಂದು ಗೊತ್ತಾದರೂ ಊರಿಗೆ ಯಾರು ಹೋಗಿ ಹೇಳುತ್ತಾರೆ ಎಂಬುದು ನನ್ನ ಚಿಂತೆ. ನನಗೆ ಒಂದು ವಾರವೂ ಇರಲಿಲ್ಲ.

ಮರುದಿನ ಬೆಳಗಿನ ಗಾಡಿಗೆ ಗುಡಗೇರಿಗೆ ಹೋದೆ. ಶಿವಾನಂದ ಪಾಪ, ತನ್ನ ಹೆಸರೂ ಬಂತೆಂದು ಊಟ ಬಿಟ್ಟಿದ್ದ. ನಮ್ಮ ಪ್ರೋಗ್ರಾಮುಗಳನ್ನು ಒಂದೊಂದಾಗಿ, ಸಾಲು ಸಾಲಾಗಿ ಓದಿದೆ. ಮಾಸ್ತರರೂ ನಾನೂ ಬರೆದದ್ದು ಹೇಗಿತ್ತೋ ಹಾಗೇ ಇತ್ತು. ಎಲ್ಲ ಸಾಚಾ. ಆದರೂ, ಯಾವ ಪ್ರೋಗ್ರಾಮು ಹೊರಗೆ ಯಾರ ಜತೆ ಮಾತಾಡುತ್ತಿದೆ ಎಂದು ತೋರಿಸುವ ಕಿಟಕಿಯೊಂದಿರುತ್ತದಲ್ಲ, ಅದರಲ್ಲಿ ನಮ್ಮ ಪ್ರತಿ ಪ್ರೋಗ್ರಾಮೂ ಶುರುವಾದ ಕೂಡಲೇ ಪೈಥಾನ್ ಯಾವುದೋ ಗುರುತಿಲ್ಲದ ವಿಳಾಸದ ಜತೆ ಮಾತಿಗಿಳಿಯುವುದು ಕಂಡಿತು.

ಯಾವ ಪ್ರೋಗ್ರಾಮಿನಲ್ಲಿ ತಪ್ಪಿದೆ ಎಂದು ಹುಡುಕಿ ಸಾಕಾಗಿ, ನಾನು ಏನೂ ಮಾಡದ ಪ್ರೋಗ್ರಾಮೊಂದನ್ನು ಬರೆದೆ. ಅದರಲ್ಲಿ ಇದ್ದದ್ದು ಒಂದೇ ಸಾಲು: ಸ್ವಲ್ಪ ಹೊತ್ತು ಸುಮ್ಮನಿರು. ಓಡಿಸಿದೆ. ಸುಮ್ಮನಿರಬೇಕಾದ ಅದು ಹೊರಗೆ ಮಾತಾಡಿತು.

"ಶಿವಾನಂದ, ಇಲ್ಲಿ ಬಾ. ಇದರಾಗ ಏನೈತಿ?"

"ಏನೂ ಇಲ್ರಿ ಅಕ್ಕಾರ."

"ಮತ್ತ ಇದು ಯಾರ ಜೋಡಿ ಮಾತಾಡಾಕತ್ತೈತಿ?"

ಅವನು ಕಿಟಕಿ ನೋಡಿ, "ದೆವ್ವ ಏನ್ರಿ?" ಎಂದ. ನಗುವುದಕ್ಕಾಗಿ ಹೇಳಿದ್ದಲ್ಲ, ನಿಜವಾಗಿಯೇ ಕೇಳಿದ.

ಆಗ ನನಗೆ ಹೊಳೆಯಿತು. ಕಳ್ಳ ನಮ್ಮ ಪ್ರೋಗ್ರಾಮಿನಲ್ಲಿ ಇಲ್ಲ, ಪೈಥಾನಿನಲ್ಲೇ ಇದ್ದಾನೆ. ಇದನ್ನು ಈಗಿನವರು ಚೆನ್ನಾಗಿ ತಿಳಿದಿಟ್ಟುಕೊಳ್ಳಬೇಕು. ಇಂಥ ಭಾಷೆಗಳು ನಾವು ಕೊಟ್ಟ ಕೆಲಸಕ್ಕೆ ಕೈ ಹಾಕುವ ಮೊದಲು ತಮ್ಮದೇ ಕೆಲವು ಕಡತಗಳನ್ನು ಓದಿಕೊಳ್ಳುತ್ತವೆ, ಮಗ್ಗದವರು ನೇಯುವ ಮೊದಲು ಹಾಸಿನ ಎಳೆಗಳನ್ನು ಸರಿಮಾಡಿಕೊಳ್ಳುವ ಹಾಗೆ. ಯಾವ ಸಾಮಾನು ಯಾವ ಕೋಣೆಯಲ್ಲಿದೆ ಎಂದು ಹೇಳುವ ಕಡತಗಳವು. ಪೈಥಾನಿನಲ್ಲಿ ಅಂಥ ಕೆಲವು ಕಡತಗಳ ಹೆಸರು ಪಿಟಿಎಚ್ ಎಂಬ ಅಕ್ಷರಗಳಲ್ಲಿ ಮುಗಿಯುತ್ತದೆ. ಅವುಗಳಲ್ಲಿ ಸಾಮಾನ್ಯವಾಗಿ ಇರುವುದು ಜಾಗದ ವಿಳಾಸ. ಆದರೆ ಸಾಲೊಂದು ಒಂದು ನಿರ್ದಿಷ್ಟ ಬಗೆಯಲ್ಲಿ ಶುರುವಾದರೆ ಪೈಥಾನ್ ಅದನ್ನು ವಿಳಾಸವೆಂದು ಓದದೆ, ಆಜ್ಞೆಯೆಂದು ಪಾಲಿಸುತ್ತದೆ. ಯಾರನ್ನೂ ಕೇಳುವುದಿಲ್ಲ. ಏನನ್ನೂ ತೋರಿಸುವುದಿಲ್ಲ. ಯಾವ ಪ್ರೋಗ್ರಾಮು ಶುರುವಾದರೂ ಆ ಸಾಲು ಮೊದಲು ಓಡುತ್ತದೆ, ಅದೂ ಪ್ರೋಗ್ರಾಮು ಶುರು ಮಾಡಿದವರ ಹೆಸರಿನಲ್ಲಿ.

ಹೀಗಾಗಿ ದಾದಾಪೀರ ಶುರು ಮಾಡಿದರೆ ದಾದಾಪೀರನ ಹೆಸರು, ಶಿವಾನಂದ ಶುರು ಮಾಡಿದರೆ ಶಿವಾನಂದನ ಹೆಸರು. ಪಾಸ್‌ವರ್ಡ್ ಬದಲಿಸಿ ಪ್ರಯೋಜನವೇನು? ಬಾಗಿಲು ತೆಗೆದವನ ಜತೆಯಲ್ಲೇ ಕಳ್ಳನೂ ಒಳಗೆ ಬರುತ್ತಿದ್ದ.

ಶುರುವಿನ ಈ ಕಡತಗಳನ್ನು ಓದಬೇಡ ಎಂದು ಪೈಥಾನಿಗೆ ಹೇಳಿ ಪ್ರೋಗ್ರಾಮು ಓಡಿಸುವ ದಾರಿಯೊಂದಿದೆ. ಹಾಗೆ ಓಡಿಸಿದಾಗ ಏನೂ ಮಾಡದ ನನ್ನ ಪ್ರೋಗ್ರಾಮು ನಿಜವಾಗಿಯೂ ಏನೂ ಮಾಡಲಿಲ್ಲ. ಒಂದು ಯಂತ್ರ ಸುಮ್ಮನೆ ಕೂತದ್ದಕ್ಕೆ ಅಷ್ಟು ಖುಷಿಪಟ್ಟವರು ಈ ಜಿಲ್ಲೆಯಲ್ಲಿ ಬೇರೆ ಇರಲಾರರು.

ಆ ಖುಷಿಯಲ್ಲಿ ಒಂದು ಅವಾಂತರವನ್ನೂ ಮಾಡಿದೆ. ಪಿಟಿಎಚ್ ಎಂದು ಮುಗಿಯುವ ಕಡತಗಳನ್ನೆಲ್ಲ ಹಿಂದುಮುಂದು ನೋಡದೆ ಬೇರೆ ಫೋಲ್ಡರಿಗೆ ಎತ್ತಿಟ್ಟೆ. ಕೂಡಲೇ ನಮ್ಮ ಪ್ರೋಗ್ರಾಮುಗಳೆಲ್ಲ ನಿಂತವು. ನೋಡಿದರೆ ಅವುಗಳಲ್ಲೊಂದು ಕುಲಕರ್ಣಿ ಮಾಸ್ತರರೇ ಇಟ್ಟದ್ದು, ನಮ್ಮ ಸಾಮಾನು ಎಲ್ಲಿದೆ ಎಂದು ಹೇಳುವ ಅಪ್ಪಟ ವಿಳಾಸ.

"ಅಕ್ಕಾರ, ಕಳ್ಳನ್ನ ಹಿಡಿಯಾಕ ಹೋಗಿ ಮನಿಯವ್ರನ್ನೂ ಹೊರಗ ಹಾಕಿದ್ರಲ್ರಿ," ಎಂದ ಶಿವಾನಂದ. ಅಂದು ಅವನು ಮೊದಲ ಸಲ ನಕ್ಕ, ಹೊರಗೆ ಹೋಗಿ ಮಂಡಕ್ಕಿ ಗಿರಮಿಟ್ ಕಟ್ಟಿಸಿಕೊಂಡು ಬಂದ. ಮಾಸ್ತರರ ಕಡತವನ್ನು ಇದ್ದಲ್ಲಿಗೆ ತಂದಿಟ್ಟು, ಗಿರಮಿಟ್ ತಿನ್ನುತ್ತಲೇ ಉಳಿದ ಕಡತಗಳನ್ನು ನೋಡಿದೆವು. ಆದ್ದರಿಂದ ಹೇಳುತ್ತೇನೆ, ಇಂಥ ಕಡತ ಕಂಡ ತಕ್ಷಣ ಅಳಿಸಬೇಡಿ, ಒಳಗೆ ಏನಿದೆ ಎಂದು ಓದಿ. ಪೈಥಾನಿನವರದೇ ಜಾಲತಾಣದಿಂದ ತಾಜಾ ಪ್ರತಿಯೊಂದನ್ನು ಇಳಿಸಿಕೊಂಡು ಪಕ್ಕದಲ್ಲಿಟ್ಟು ಹೋಲಿಸಿದೆವು. ನಮ್ಮದರಲ್ಲಿ ಒಂದು ಕಡತ ಹೆಚ್ಚಿತ್ತು. ಹೆಸರು ನೋಡಿದರೆ ಯಾರಿಗೂ ಸಂಶಯ ಬರದಷ್ಟು ಗಂಭೀರ. ಒಳಗೆ ಒಂದೇ ಸಾಲು, ಪರದೆ ದಾಟಿ ಹೋಗುವಷ್ಟು ಉದ್ದ, ಅರ್ಥವಾಗದಂತೆ ಸುತ್ತಿಟ್ಟ ಅಕ್ಷರಗಳು.

ಕಳ್ಳ ಸಿಕ್ಕ. ಆದರೆ ಅವನನ್ನು ಅಲ್ಲಿ ಕೂರಿಸಿದ್ದು ದಾದಾಪೀರ ಅಲ್ಲ ಎಂದು ಸಾಹೇಬರಿಗೆ ತೋರಿಸುವುದು ಬಾಕಿ ಇತ್ತು. ಗುಡಗೇರಿಯ ಯಂತ್ರಕ್ಕೆ ಆ ಕಡತ ಬಂದ ದಿನ ನೋಡಿದೆ. ನಾವು ಹೆಪ್ಪು ಹಾಕಿದ ದಿನ. ಮರುದಿನ ತಿರ್ಲಾಪುರದ ಯಂತ್ರ ಹಚ್ಚಿ ನೋಡಿದೆ. ಅಲ್ಲಿಯೂ ಅದು ಬಂದದ್ದು ನಾವು ಹೆಪ್ಪು ಹಾಕಿದ ದಿನವೇ. ಬೋಳು ಮಾಡುವುದಕ್ಕೆ ಮೊದಲು ಆ ಯಂತ್ರದಲ್ಲಿದ್ದದ್ದೂ ನಮ್ಮದೇ ಹೆಪ್ಪು. ಅಲ್ಲಿಂದ ಸೀದಾ ಅಣ್ಣಿಗೇರಿಗೆ ಬಂದು, ಹೆಪ್ಪು ತೆಗೆಯುವ ನಮ್ಮ ಮೂಲ ಯಂತ್ರ ತೆರೆದೆ. ಅದರಲ್ಲಿ ಆ ಕಡತ ಎಲ್ಲಕ್ಕಿಂತ ಮೊದಲಿನಿಂದ ಕೂತಿತ್ತು. ತಾರೀಖುಗಳನ್ನು ಕಳ್ಳರು ತಿದ್ದಬಲ್ಲರು, ಅದೊಂದನ್ನೇ ನಂಬಬಾರದು. ಆದರೆ ಅಣ್ಣಿಗೇರಿಯಲ್ಲಿ ತೆಗೆದಿಟ್ಟು ಇನ್ನೂ ಯಾವ ಊರಿಗೂ ಕಳಿಸಿರದ ಹೆಪ್ಪಿನ ಪೆನ್ ಡ್ರೈವ್‌ಗಳು ಡ್ರಾಯರಿನಲ್ಲಿದ್ದವು, ಯಾವ ನೆಟ್ಟಿನ ಸಂಪರ್ಕವೂ ಇಲ್ಲದೆ. ಅವುಗಳಲ್ಲೂ ಆ ಕಡತ ಇತ್ತು. ದೂರದಿಂದಲೇ ಯಂತ್ರ ರಿಪೇರಿ ಮಾಡಲು ಅನುಕೂಲವಾಗಲಿ ಎಂದು ಅಣ್ಣಿಗೇರಿಯ ಯಂತ್ರಕ್ಕೆ ನಾವೊಂದು ಬಾಗಿಲು ತೆರೆದಿಟ್ಟಿದ್ದೆವು, ಅದರ ಪಾಸ್‌ವರ್ಡ್ ಸಂಘದ ಹೆಸರೇ. ಆ ಕಡತ ಬಂದ ದಿನವೇ ಪರದೇಶದ ವಿಳಾಸವೊಂದರಿಂದ ಯಾರೋ ದಾರಿಹೋಕ ಆ ಬಾಗಿಲಿನಿಂದ ಬಂದದ್ದು ಯಂತ್ರದ ದಾಖಲೆಯಲ್ಲಿತ್ತು. ಮುಂದಿನ ಊರುಗಳಿಗೆ ಅವನನ್ನು ಬಸ್ಸಿನಲ್ಲಿ ಕೂರಿಸಿ, ಟಿಕೆಟ್ ತೆಗೆಸಿ ಕರೆದೊಯ್ದವರು ನಾವೇ. ನಾನು ಬೋಳು ಮಾಡಿ ತೊಳೆದ ಪಾತ್ರೆಗೆ ಅವನನ್ನು ಮತ್ತೆ ಹಾಕಿದ್ದೂ ಅದೇ ಹೆಪ್ಪು.

ಸಾಹೇಬರು ದೂರಿನ ಕಾಗದವನ್ನು ಟೈಪು ಮಾಡಿಸಿ ಸಹಿಗೆ ಇಟ್ಟುಕೊಂಡಿದ್ದರು. ಏನೂ ಮಾಡದ ಆ ಪ್ರೋಗ್ರಾಮನ್ನು ನಾನು ಅಣ್ಣಿಗೇರಿಯ ಯಂತ್ರದಲ್ಲೇ ಓಡಿಸಿ ತೋರಿಸಿದೆ. ಅವರು ಅದನ್ನು ತಾವೇ ಇನ್ನೊಮ್ಮೆ ಓಡಿಸಿದರು. ಆಮೇಲೆ ಪೆನ್ ಡ್ರೈವ್ ತೋರಿಸಿದೆ.

"ಈ ಯಂತ್ರಾ ದಾದಾಪೀರ ಮುಟ್ಟ್ಯಾನನು?" ಎಂದರು.

"ಈ ಕೋಣಿಗೇ ಬಂದಿಲ್ರಿ ಅಂವ. ಅಣ್ಣಿಗೇರಿಗೆ ಬಂದ್ರೂ ನಿಮ್ಮ ಮುಂದ ಕುಂತು ಹೋಗ್ಯಾನ, ಅಷ್ಟ."

"ಅಂದ್ರ ನಾವ ಒಯ್ದು ಅವನ ಮನ್ಯಾಗ ಇಟ್ಟ, ಅವನ್ನ ಕಳ್ಳ ಅಂದೇವಿ."

"ಹೌದ್ರಿ."

ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಸಿಟ್ಟಿನ ಮನುಷ್ಯ ಸಿಟ್ಟು ಮಾಡದೆ ಕೂತರೆ ಎದುರಿಗಿದ್ದವರಿಗೆ ಹೆಚ್ಚು ಭಯ. ಆಮೇಲೆ, "ಗಾಡಿ ತರಸ್ರಿ ಬಾಯಾರ, ತಿರ್ಲಾಪುರಕ್ಕ ಹೋಗೂಣು," ಎಂದರು.

ದಾದಾಪೀರನ ಮನೆಯಲ್ಲಿ ಸಾಹೇಬರು ಚಾಪೆಯ ಮೇಲೆ ಕೂತರು. ನಡೆದದ್ದನ್ನು ಎಳೆ ಎಳೆಯಾಗಿ ತಾವೇ ಹೇಳಿದರು, ನನಗೆ ಹೇಳಲು ಬಿಡಲಿಲ್ಲ. ಎರಡು ಕಡೆ ತಾಂತ್ರಿಕವಾಗಿ ತಪ್ಪು ಹೇಳಿದರು, ನಾನು ತಿದ್ದಲಿಲ್ಲ. ಕೊನೆಗೆ, "ನಂದು ತಪ್ಪಾತು. ನಾಳಿಂದ ಬಾ," ಎಂದರು. ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ದಾದಾಪೀರ ತಲೆ ತಗ್ಗಿಸಿಯೇ ಇದ್ದ.

"ನೀವು ಮನಿತನಕಾ ಬಂದ್ರಿ, ದೊಡ್ಡ ಮಾತ್ರಿ ಸಾಹೇಬ್ರ," ಎಂದ. "ಆದ್ರ ಇಲ್ಲಿ ಹೇಳಿದ್ದು ಇಲ್ಲೇ ಉಳೀತದ್ರಿ. ನಾ ಹೋಗೂದು ಫೋನಿನ್ಯಾಗ ಹಾಯ್ದು ಎಲ್ಲಾರ ಮನಿಗೆ. ಅಲ್ಲಿ ನಾ ಕಳ್ಳ ಆಗೇನಿ. ನೀವು ಅಲ್ಲೇ ಹೇಳ್ರಿ."

ಹಿರೇಗೌಡ ಸಾಹೇಬರಿಗೆ ಹೀಗೆ ಯಾರೂ ಷರತ್ತು ಹಾಕಿದ್ದನ್ನು ನಾನು ಕಂಡಿರಲಿಲ್ಲ. ಅವರು ಚಹದ ಬಟ್ಟಲು ಕೆಳಗಿಟ್ಟು, "ಬರೊಬ್ಬರಿ ಐತಿ," ಎಂದರು.

ಮೊದಲು ಮನೆ ತೊಳೆಯಬೇಕಿತ್ತು. ಎಲ್ಲ ಕೇಂದ್ರಗಳ ಯಂತ್ರಗಳನ್ನೂ ಒಟ್ಟಿಗೆ ನಿಲ್ಲಿಸಿ, ಪೈಥಾನನ್ನು ಅದರ ಮೂಲದಿಂದಲೇ ಹೊಸದಾಗಿ ಇಳಿಸಿ ಹಾಕಿದೆವು. ಪ್ರೋಗ್ರಾಮುಗಳು ಆಪರೇಟರನ ಹೆಸರಿನಲ್ಲಿ ಓಡುವುದನ್ನು ನಿಲ್ಲಿಸಿ, ಹೆಚ್ಚು ಅಧಿಕಾರವಿಲ್ಲದ ಬೇರೆ ಖಾತೆಯೊಂದಕ್ಕೆ ಕೊಟ್ಟೆವು. ಶುರುವಿನ ಕಡತಗಳಿರುವ ಫೋಲ್ಡರಿಗೆ ಹೊಸ ಕಡತವೊಂದು ಬಂದು ಸೇರಿದರೆ ನಮಗೆ ತಿಳಿಯುವ ವ್ಯವಸ್ಥೆ ಮಾಡಿದೆವು. ಆ ತೆರೆದ ಬಾಗಿಲಿಗೆ ಬೀಗ ಬಿತ್ತು. ಆ ಕಡತವನ್ನು ಮಾತ್ರ ಅಳಿಸದೆ ಜೋಪಾನವಾಗಿ ಪೊಲೀಸರಿಗೆ ಒಪ್ಪಿಸಿದೆವು. ದೂರಿನಲ್ಲಿ ಯಾರ ಹೆಸರೂ ಇರಲಿಲ್ಲ. ಯಾವ ದೇಶದ ಕಳ್ಳನೋ, ಈವರೆಗೂ ಸಿಕ್ಕಿಲ್ಲ. ಹೆಪ್ಪು ಹಾಕುವ ಪದ್ಧತಿ ಅಂದಿಗೆ ಮುಗಿಯಿತು. ಮಾಸ್ತರರು ಇದ್ದಿದ್ದರೆ ಬೇಸರಪಡುತ್ತಿದ್ದರು, ಆಮೇಲೆ ಒಪ್ಪುತ್ತಿದ್ದರು.

ಆಮೇಲೆ ಸಾಹೇಬರ ಧ್ವನಿಮುದ್ರಣ. ಅವರು ಬರೆದುಕೊಂಡು ಬಂದಿದ್ದರು. "ಮಾನ್ಯ ಸದಸ್ಯ ಬಾಂಧವರೇ, ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ" ಎಂದು ಶುರು ಮಾಡಿದರು. ಪಕ್ಕದಲ್ಲಿ ಕೂತಿದ್ದ ದಾದಾಪೀರ ಮೈಕಿನ ಗುಂಡಿ ಆರಿಸಿದ.

"ಸಾಹೇಬ್ರ, ಭಾಷಣ ಬ್ಯಾಡ್ರಿ. ಕಟ್ಟಿ ಮ್ಯಾಲೆ ಕುಂತು ಮಾತಾಡಿದಂಗ ಮಾತಾಡ್ರಿ. ಇಲ್ಲಾಂದ್ರ ಬ್ಯಾಂಕಿನವ್ರು ಅಂತ ಕಟ್ ಮಾಡ್ತಾರ."

ಅವನು ಹಾಗೆಂದಾಗ ನಾನು ಬೇರೆ ಕಡೆ ನೋಡಿದೆ. ನಾಲ್ಕೈದು ಸಲ ತಪ್ಪಿ, ಬೆವರಿ, ಕೊನೆಗೆ ಸಾಹೇಬರು ಕಾಗದ ಬದಿಗಿಟ್ಟು ಮಾತಾಡಿದರು. "ನಾ ಸಂಘದ ಕಾರ್ಯದರ್ಶಿ ಹಿರೇಗೌಡ್ರ ಮಾತಾಡಾಕತ್ತೇನಿ. ಆ ಖೊಟ್ಟಿ ಮೆಸೇಜು ದಾದಾಪೀರ ಕಳಸಿದ್ದಲ್ಲ. ಕಳ್ಳ ಹೊಕ್ಕಿದ್ದು ನಮ್ಮ ಅಣ್ಣಿಗೇರಿ ಆಫೀಸಿನ ಯಂತ್ರದಾಗ. ಅಲ್ಲಿಂದ ನಾವ ಉಳಿದ ಊರಿಗೆ ಹಂಚೇವಿ. ದಾದಾಪೀರನ ಮ್ಯಾಲೆ ನಾ ಸುಳ್ಳ ಹೊರಸಿದ್ನಿ. ಅವಗೂ ನಿಮಗೂ ಮಾಫಿ ಕೇಳತೇನಿ. ಲಿಂಕ್ ಒತ್ತಿದವ್ರು ಹತ್ತಿರದ ಕೇಂದ್ರಕ್ಕ ಫೋನ್ ತರ್ರಿ, ಆ ಆ್ಯಪ್ ತಗದು ಕೊಡ್ತೇವಿ." ಹೇಳಿ ಮುಗಿಸಿ, ಹೊಲದಿಂದ ಬಂದವರ ಹಾಗೆ ನೀರು ಕುಡಿದರು.

ಮರುದಿನ ಬೆಳಗ್ಗೆ ನಾನು ತಿರ್ಲಾಪುರ ಕೇಂದ್ರದಲ್ಲೇ ಇದ್ದೆ. ದಾದಾಪೀರ ತನ್ನ ಕುರ್ಚಿಯಲ್ಲಿ, ಕೈ ಕಟ್ಟಿಕೊಂಡು. ಸಾಹೇಬರ ಮಾತು ಎಲ್ಲರ ಫೋನಿಗೂ ಹೋಯಿತು. ಕಿಟಕಿಯಾಚೆ ಚಹದಂಗಡಿಯಲ್ಲಿ ಒಬ್ಬರಾದ ಮೇಲೊಬ್ಬರು ಫೋನ್ ಕಿವಿಗೆ ಹಿಡಿದದ್ದು ಕಂಡಿತು. ಯಾರೂ ಈ ಕಡೆ ಬರಲಿಲ್ಲ. ತಡವಾಯಿತೇನೋ, ಹೋದ ನಂಬಿಕೆ ಬರುವಂಥದ್ದಲ್ಲವೇನೋ ಎಂದು ನನಗೆ ಅಳು ಬರುವಂತಾಯಿತು.

ಕೇಂದ್ರದ ಫೋನ್ ರಿಂಗಾಯಿತು. ಎತ್ತಿದವಳು ನಾನು. ಆ ಕಡೆ ಯಾರೋ ಮುದುಕರು, ಹೊಲದಲ್ಲಿ ನಿಂತು ಮಾತಾಡುತ್ತಿದ್ದರು, ಗಾಳಿಯ ಸದ್ದು ಕೇಳುತ್ತಿತ್ತು.

"ಯಾರೋ ಗೌಡ್ರು ಮಾಫಿ ಕೇಳಿದ್ರವಾ, ಛಲೋ ಆತು," ಎಂದರು. "ಅದೆಲ್ಲಾ ಖರೆ. ಆದ್ರ ಇವತ್ತ ಔಷಧ ಹೊಡೀಲ್ಯೋ ಬ್ಯಾಡೋ, ಅದನ್ನ ಹೇಳಲೇ ಇಲ್ಲಲ್ಲ. ಆ ಹುಡುಗ ಎಲ್ಲದಾನ? ಅವನ ಕಡೆ ಕೊಡು."

ಫೋನನ್ನು ದಾದಾಪೀರನಿಗೆ ಕೊಟ್ಟೆ. ಅವನು ಗಂಟಲು ಸರಿಮಾಡಿಕೊಂಡು, "ದಾದಾಪೀರ್ರಿ ಕಾಕಾ," ಎಂದ. ಆಮೇಲೆ ಕಿಟಕಿಯಿಂದ ಆಕಾಶ ನೋಡಿ, "ಮಧ್ಯಾಹ್ನದ ಮ್ಯಾಲೆ ಬರತೈತ್ರಿ. ಇವತ್ತ ಬ್ಯಾಡ್ರಿ," ಎಂದ. ಅವನು ಫೋನ್ ಇಡುವುದರೊಳಗೆ ಇನ್ನೊಂದು ಕರೆ ಕಾಯುತ್ತಿತ್ತು. ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಮನಸಾರೆ ಅತ್ತೆ. ನಿವೃತ್ತಿಯ ದಿನ ಹಾರ ಹಾಕಿದರು, ಶಾಲು ಹೊದಿಸಿದರು, ಆದರೆ ನನ್ನ ಕೆಲಸ ಮುಗಿಯಿತು ಎಂದು ನನಗೆ ಅನ್ನಿಸಿದ್ದು ಆ ಕಟ್ಟೆಯ ಮೇಲೆ, ಒಳಗೆ ಫೋನಿಗೆ ಒಂದರ ಹಿಂದೆ ಒಂದು ಕರೆ ಬರುತ್ತಿದ್ದಾಗ.